ಸೂಜಿ, ಸೊಂಟ, ಹಲ್ಲುಕಡ್ಡಿ

ಸೊಂಟ ಇದ್ದಕ್ಕಿದ್ದಂತೆ ಹಿಡಿದುಕೊಂಡರೆ ಜರ್ಮನ್ನರು ಅದನ್ನು ‘ಹೆಕ್ಸೆನ್‌ಶುಸ್’ ಎನ್ನುತ್ತಾರೆ. ಬಿಡಿಸಿದರೆ, ಮಾಟಗಾತಿ ಬಿಟ್ಟ ಬಾಣ. ನಮ್ಮಲ್ಲಿ ಸೊಂಟ ಬರೀ ‘ಹಿಡಿಯುತ್ತದೆ’, ಹಿಡಿದವರು ಯಾರು ಎಂದು ಯಾರೂ ವಿಚಾರಿಸುವುದಿಲ್ಲ. ಕಾರು, ಕ್ಯಾಮೆರಾಗಳನ್ನು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಮಾಡುವ ದೇಶ ಬೆನ್ನಿನ ವಿಷಯಕ್ಕೆ ಬಂದಾಗ ಮಾಟಗಾತಿಯ ಮೇಲೆ ಗೂಬೆ ಕೂರಿಸಿದೆಯಲ್ಲ ಎಂದು ನನಗೆ ಒಳಗೊಳಗೇ ಸಮಾಧಾನ. ಹೀಗಿರುವಾಗ, ಸ್ಟುಟ್‌ಗಾರ್ಟಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಕೂತು ಸೊಂಟ ಕೆಡಿಸಿಕೊಂಡ ಕನ್ನಡಿಗನಿಗೆ ಅಲ್ಲಿನ ಡಾಕ್ಟರು ಚೀನಾದ ಸೂಜಿ ಚುಚ್ಚುತ್ತೇನೆಂದರೆ ಅವನು ಬೆಚ್ಚಿಬೀಳಬೇಕಾಗಿಲ್ಲ. ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ ಉಳುಕು ಬಿಡುತ್ತದೆ ಎಂದು ನಂಬುವ ಸೀಮೆಯಿಂದಲೇ ಅವನೂ ಹೋದದ್ದು. ಇಷ್ಟೇ ವ್ಯತ್ಯಾಸ: ಒದೆಗೆ ವಿಮೆ ಇಲ್ಲ, ಸೂಜಿಗೆ ಇದೆ. ಆರು ತಿಂಗಳು ದಾಟಿದ ಸೊಂಟನೋವಿಗೆ ಸಾಮಾನ್ಯವಾಗಿ ಹತ್ತು ಸಲ ಸೂಜಿ ಚುಚ್ಚಿಸಿಕೊಳ್ಳುವ ಖರ್ಚನ್ನು 2007ರಿಂದ ಜರ್ಮನಿಯ ಸಾರ್ವಜನಿಕ ಆರೋಗ್ಯ ವಿಮೆಯೇ ಹೊರುತ್ತಿದೆ. ಮೊಣಕಾಲಿನ ಸವೆತಕ್ಕೂ ಉಂಟು. ತಲೆನೋವಿಗೆ ಮಾತ್ರ ಇಲ್ಲ.

ವಿಮೆಯವರು ಸುಮ್ಮನೆ ದುಡ್ಡು ಬಿಚ್ಚುವ ಪೈಕಿಯಲ್ಲ. ಅಳೆದೂ ಸುರಿದೂ ನೋಡಿಯೇ ಒಪ್ಪಿದ್ದು. ‘ಗೆರಾಕ್’ ಎಂಬ ದೊಡ್ಡ ಪರೀಕ್ಷೆಯಲ್ಲಿ ಸೊಂಟನೋವಿನ 1162 ಜನರನ್ನು ಮೂರು ಪಾಲು ಮಾಡಿದರು. ಅವರೆಲ್ಲ ಸರಾಸರಿ ಎಂಟು ವರ್ಷದಿಂದ ನರಳುತ್ತಿದ್ದವರು. ಒಂದು ಗುಂಪಿಗೆ ಚೀನೀ ಶಾಸ್ತ್ರ ಹೇಳುವ ಬಿಂದುಗಳಲ್ಲೇ ಆಳವಾಗಿ ಸೂಜಿ. ಇನ್ನೊಂದಕ್ಕೆ ಯಾವ ಶಾಸ್ತ್ರಕ್ಕೂ ಸೇರದ ಜಾಗದಲ್ಲಿ, ಚರ್ಮದ ಮೇಲುಮೇಲಕ್ಕೆ. ಮೂರನೆಯವರಿಗೆ ಎಂದಿನಂತೆ ಮಾತ್ರೆ, ವ್ಯಾಯಾಮ, ಫಿಸಿಯೋಥೆರಪಿ. ಆರು ತಿಂಗಳ ಮೇಲೆ ನೋಡಿದರೆ ಗುಣ ಕಂಡವರು ಮೊದಲ ಗುಂಪಿನಲ್ಲಿ ಶೇ. 47.6, ಎರಡನೆಯದರಲ್ಲಿ ಶೇ. 44.2, ಮೂರನೆಯದರಲ್ಲಿ ಶೇ. 27.4. ಅಂದರೆ, ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಬಿಂದುಗಳ ನಕ್ಷೆಗೂ ‘ಎಲ್ಲಿ ಬೇಕಾದರೂ ಚುಚ್ಚಪ್ಪ’ ಎನ್ನುವುದಕ್ಕೂ ಲೆಕ್ಕಕ್ಕೆ ಹಿಡಿಯುವಂಥ ವ್ಯತ್ಯಾಸವೇ ಇಲ್ಲ. ಆದರೆ ಎರಡೂ ಸೇರಿ ಮಾತ್ರೆಯನ್ನು ಸೋಲಿಸಿಬಿಟ್ಟವು. ಹಾಗಾದರೆ ಚುಚ್ಚುವುದೇ ಮದ್ದೇನೋ ಅಂದುಕೊಳ್ಳುವಷ್ಟರಲ್ಲಿ 2009ರಲ್ಲಿ ಅಮೆರಿಕದವರು ಅದಕ್ಕೂ ಕಲ್ಲು ಹಾಕಿದರು. ಅಕ್ಯುಪಂಕ್ಚರಿನ ಸೂಜಿ ಕಾಲು ಮಿಲಿಮೀಟರಿನ ಆಸುಪಾಸು ದಪ್ಪ. ಪುಟ್ಟ ಕೊಳವೆಯೊಂದನ್ನು ಚರ್ಮಕ್ಕೆ ಒತ್ತಿ, ಅದರೊಳಗೆ ಸೂಜಿ ಇಳಿಬಿಟ್ಟು, ತಲೆಯ ಮೇಲೆ ಬೆರಳಿನಿಂದ ಟಕ್ಕೆಂದು ತಟ್ಟಿದರೆ ಮುಗಿಯಿತು. ಇವರು ಅದೇ ಕೊಳವೆಯಲ್ಲಿ ಸೂಜಿಯ ಬದಲು ಹಲ್ಲುಕಡ್ಡಿ ಇಟ್ಟು ಒತ್ತಿದರು, ಒಮ್ಮೆ ತಿರುಗಿಸಿದರು, ತೆಗೆದರು. ಬೋರಲಾಗಿ ಮಲಗಿದವನಿಗೆ ಬೆನ್ನಿನ ಮೇಲೆ ನಡೆಯುವುದು ಕಾಣುವುದಾದರೂ ಹೇಗೆ? ಎಂಟು ವಾರದ ನಂತರ ಸೂಜಿಯವರೂ ಕಡ್ಡಿಯವರೂ ಹೆಚ್ಚುಕಡಿಮೆ ಸಮಸಮ: ನೂರಕ್ಕೆ ಅರವತ್ತು ಜನ ಚೇತರಿಸಿಕೊಂಡಿದ್ದರು. ಮಾಮೂಲು ಚಿಕಿತ್ಸೆಯಲ್ಲೇ ಉಳಿದವರಲ್ಲಿ ಮೂವತ್ತೊಂಬತ್ತು.

ಜಾಗವೂ ಮುಖ್ಯವಲ್ಲ, ಚುಚ್ಚುವುದೂ ಮುಖ್ಯವಲ್ಲ ಎಂದಮೇಲೆ ಉಳಿದದ್ದೇನು? ನನ್ನ ಪ್ರಕಾರ ಉಳಿದದ್ದು ಅರ್ಧ ಗಂಟೆ. ಜರ್ಮನಿಯ ವಿಮೆಯ ನಿಯಮದಲ್ಲೇ ಅದು ನಮೂದಾಗಿದೆ: ಪ್ರತಿ ಸಲ ಕನಿಷ್ಠ 30 ನಿಮಿಷ. ಅದೇ ದೇಶದಲ್ಲಿ ಸಾಮಾನ್ಯ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಸರಾಸರಿ ಏಳೆಂಟು ನಿಮಿಷ. ಅದರಲ್ಲಿ ಕೋಟು ಬಿಚ್ಚಿ ಹಾಕಲು ಎರಡು ನಿಮಿಷ ಹೋಯಿತು. ಸೊಂಟವಲ್ಲ, ಕರುಳಿನ ತೊಂದರೆಯ ರೋಗಿಗಳ ಮೇಲೆ ಹಾರ್ವರ್ಡಿನ ಟೆಡ್ ಕ್ಯಾಪ್ಚಕ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪರೀಕ್ಷೆ ಈ ಗುಮಾನಿಯನ್ನು ಗಟ್ಟಿಮಾಡುತ್ತದೆ. ಅಲ್ಲಿ ಚಿಕಿತ್ಸೆ ಸಿಕ್ಕವರಿಗೆಲ್ಲ ಹುಸಿ ಸೂಜಿಯೇ. ಚಿಕಿತ್ಸೆಗೆ ಕಾಯುತ್ತ ಕೂತವರಲ್ಲಿ ಶೇ. 28 ಜನಕ್ಕೆ ಸಮಾಧಾನ. ಹುಸಿ ಸೂಜಿ ತಾಗಿಸಿ ಹೆಚ್ಚು ಮಾತಿಲ್ಲದೆ ಕಳಿಸಿದವರಲ್ಲಿ ಶೇ. 44. ಹುಸಿ ಸೂಜಿಯ ಜೊತೆಗೆ ಆದರ ತೋರಿಸಿ, ಕಷ್ಟ ಕೇಳಿ, ನಾಡಿ ಹಿಡಿದು ಇಪ್ಪತ್ತು ಸೆಕೆಂಡು ಯೋಚನಾಮಗ್ನರಾಗಿ ಸುಮ್ಮನಿದ್ದಾಗ ಶೇ. 62. ಆ ಇಪ್ಪತ್ತು ಸೆಕೆಂಡಿನ ಮೌನವೂ ಚಿಕಿತ್ಸಕರಿಗೆ ಮೊದಲೇ ಕೊಟ್ಟ ಸೂಚನೆಯಲ್ಲಿತ್ತು. ನಮ್ಮ ನಾಟಿವೈದ್ಯರು ಯಾರ ಸೂಚನೆಯೂ ಇಲ್ಲದೆ ‘ಹ್ಞೂಂ...’ ಎಂದು ಕಣ್ಣು ಮುಚ್ಚುತ್ತಿದ್ದರು. ಈಗ ಪರದೇಶದ ಕನ್ನಡಿಗನನ್ನು ನೆನೆಯಿರಿ. ಊರಲ್ಲಾಗಿದ್ದರೆ ‘ಸೊಂಟ ಹಿಡ್ಕೊಂಡಿದೆ’ ಎಂದು ಬಾಯಿಬಿಟ್ಟರೆ ಸಾಕು, ಅತ್ತೆ ಹರಳೆಣ್ಣೆ ಕಾಯಿಸುತ್ತಾಳೆ, ಪಕ್ಕದ ಮನೆಯವರು ಹುರುಳಿ ಹುರಿದು ಶಾಖ ಕೊಡಿ ಎನ್ನುತ್ತಾರೆ, ದಾರಿಯಲ್ಲಿ ಸಿಕ್ಕವರು ತಮ್ಮ ಭಾವಮೈದುನನ ಡಿಸ್ಕಿನ ಕಥೆ ಹೇಳುತ್ತಾರೆ. ಕಾಟ, ನಿಜ. ಸ್ಟುಟ್‌ಗಾರ್ಟಿನಲ್ಲಿ ಸಹೋದ್ಯೋಗಿ ‘ಬೇಗ ಗುಣವಾಗಲಿ’ ಎಂದು ಹೇಳಿ ಪರದೆಗೆ ತಿರುಗುತ್ತಾನೆ. ಒಬ್ಬ ಮನುಷ್ಯ ಅರ್ಧ ಗಂಟೆ ನಿಮ್ಮ ಸೊಂಟದ ಬಗ್ಗೆಯೇ ಯೋಚಿಸಬೇಕೆಂದರೆ ಅಲ್ಲಿ ಸೂಜಿಯ ನೆಪ ಬೇಕು. ಅಕ್ಯುಪಂಕ್ಚರಿನ ಡಾಕ್ಟರೆಂದರೆ ಪ್ರಮಾಣಪತ್ರ ಪಡೆದ ಅತ್ತೆ.

ನೋವು ತಾನಾಗಿಯೇ ಏರಿ ಇಳಿಯುತ್ತದೆ, ಏರಿದಾಗ ಡಾಕ್ಟರ ಹತ್ತಿರ ಓಡುತ್ತೇವೆ, ಇಳಿದಾಗ ಸೂಜಿಗೆ ಕೀರ್ತಿ ಎಂದು ಆಕ್ಷೇಪಿಸುವವರಿದ್ದಾರೆ. ಕಾಗೆ ಕೂತಿತು, ಹಣ್ಣು ಬಿತ್ತು. ಸರಿಯೇ, ಆದರೆ ಗೆರಾಕ್‌ನಲ್ಲಿ ಮಾತ್ರೆ ನುಂಗಿದ ಗುಂಪಿಗೂ ಕಳೆದದ್ದು ಅದೇ ಆರು ತಿಂಗಳಲ್ಲವೆ? ಇದಕ್ಕಿಂತ ಮೊನಚಾದ ಆಕ್ಷೇಪ ಬೇರೆ ಇದೆ. ಮೂರನೆಯ ಗುಂಪಿನವರಿಗೆ ತಮಗೆ ಸೂಜಿ ಸಿಗಲಿಲ್ಲವೆಂದು ಗೊತ್ತಿತ್ತು. ಮದುವೆಗೆ ಹೋಗಿ ಹೋಳಿಗೆ ಸಿಗದವರನ್ನು ಹಿಡಿದು ಊಟ ಹೇಗಿತ್ತು ಎಂದು ಕೇಳಿದಂತಾಯಿತು. ಇದನ್ನು ನಾನು ಒಪ್ಪಿಕೊಳ್ಳುತ್ತೇನೆ, ಒಪ್ಪಿದಷ್ಟೂ ನನಗೇ ಲಾಭ. ಹೋಳಿಗೆಯ ಆಸೆಯಿಂದಲೇ ಸೊಂಟ ಇಷ್ಟು ಸಡಿಲವಾಗುತ್ತದೆಂದರೆ ಕೆಲಸ ಮಾಡಿದ್ದು ಸೂಜಿಯ ಮೊನೆಯಲ್ಲವೆಂದಾಯಿತು. ಕಡ್ಡಿ ಒತ್ತುವುದೂ ಒಂದು ಬಗೆಯ ಚಿಕಿತ್ಸೆಯೇ ಎಂದು ಸೂಜಿಪಂಡಿತರು ವಾದಿಸುತ್ತಾರೆ. ಇರಬಹುದು, ಆದರೆ ಆ ವಾದ ಗೆದ್ದ ದಿನವೇ ಸೂಜಿಯ ಪೊಟ್ಟಣಗಳನ್ನು ಮೂಲೆಗಿಡಬೇಕಾಗುತ್ತದೆ. ಇನ್ನು ಇಂಗ್ಲೆಂಡು: ಚಿಕಿತ್ಸೆಗಳಿಗೆ ಮಾರ್ಗಸೂಚಿ ರೂಪಿಸುವ ಅಲ್ಲಿನ ‘ನೈಸ್’ ಸಂಸ್ಥೆ 2009ರಲ್ಲಿ ಸೊಂಟನೋವಿಗೆ ಸೂಜಿ ಚುಚ್ಚಿ ಎಂದಿತು, 2016ರಲ್ಲಿ ಬೇಡ ಎಂದಿತು. ನಿಜವೂ ಹುಸಿಯೂ ಒಂದೇ ಫಲ ಕೊಟ್ಟರೆ ಸರ್ಕಾರದ ಹಣ ಏಕೆ ಸುರಿಯಬೇಕೆಂಬುದು ಅವರ ತರ್ಕ. ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್ ಅದೇ ಕಾಗದಪತ್ರ ಓದಿ 2020ರಲ್ಲಿ ತೊಂಬತ್ತು ದಿನಕ್ಕೆ ಹನ್ನೆರಡು ಸಲ ಮಂಜೂರು ಮಾಡಿತು. ಇಂಗ್ಲಿಷರ ಲೆಕ್ಕ ಸರಿಯಾಗಿದೆ, ಪ್ರಶ್ನೆ ತಪ್ಪಾಗಿದೆ ಎಂಬುದು ನನ್ನ ತೀರ್ಮಾನ. ‘ಸೂಜಿ ಹುಸಿಯೋ ನಿಜವೋ’ ಎಂದು ವಿಜ್ಞಾನಿ ಕೇಳಲಿ. ‘ನಾಳೆ ಬಗ್ಗಿ ಶೂ ಲೇಸು ಕಟ್ಟಬಹುದೇ’ ಎಂಬುದು ಸೊಂಟದವನ ಚಿಂತೆ. (ಕಾಲು ಜೋಮು ಹಿಡಿದು ಬಲ ತಪ್ಪಿದರೆ, ಮೂತ್ರ ಹಿಡಿತಕ್ಕೆ ಸಿಗದಿದ್ದರೆ ಮಾತ್ರ ಸೂಜಿಯೂ ಬೇಡ, ಈ ಪ್ರಬಂಧವೂ ಬೇಡ, ನೆಟ್ಟಗೆ ಆಸ್ಪತ್ರೆಗೆ ನಡೆಯಬೇಕು.)

ಕೊನೆಗೆ ಉಳಿಯುವುದು ಜಿಪುಣರ ಆಕ್ಷೇಪ, ನನಗೆ ಅತ್ಯಂತ ಪ್ರಿಯವಾದದ್ದು. ಹಲ್ಲುಕಡ್ಡಿಯೇ ಸಾಕಾದರೆ ಡಾಕ್ಟರ ಹಂಗೇಕೆ, ಇಡೀ ಡಬ್ಬಿಯೇ ಚಿಲ್ಲರೆ ಕಾಸಿಗೆ ಅಂಗಡಿಯಲ್ಲಿ ಸಿಗುತ್ತದಲ್ಲ ಎಂದು. ಸಿಗುತ್ತದೆ. ಕೊಂಡು ತಂದು, ಬಾಗಿಲು ಹಾಕಿಕೊಂಡು, ಅಂಗಿ ಬಿಚ್ಚಿ, ಬೋರಲಾಗಿ ಮಲಗಿಯೂ ಆಯಿತು ಎನ್ನೋಣ. ಅಷ್ಟು ದೂರದ ಊರಲ್ಲಿ, ಹಿಡಿದುಕೊಂಡ ಸೊಂಟದಲ್ಲಿ, ತನ್ನ ಬೆನ್ನ ನಡುವಿಗೆ ತನ್ನದೇ ಕೈ ನಿಲುಕುವುದಿಲ್ಲ.