ಟೈರಿನ ಜಾತಕ

ಫೋರ್ ವೀಲ್ ಡ್ರೈವ್ ಗಾಡಿ ಇಟ್ಟುಕೊಂಡವನಿಗೆ ಮಲೆನಾಡಿನಲ್ಲಿ ಒಂದು ಪದವಿ ತಾನಾಗಿ ಒದಗಿಬರುತ್ತದೆ. ಮಳೆಗಾಲದಲ್ಲಿ ಯಾರದೇ ಓಮ್ನಿ ಚರಂಡಿಗೆ ಇಳಿಯಲಿ, ಮದುವೆ ಮನೆಯ ಪಾತ್ರೆ ಸಾಗಿಸುವ ಪಿಕಪ್ಪು ದಿಬ್ಬದಲ್ಲಿ ಹೂತುಹೋಗಲಿ, ಮೊದಲ ಫೋನು ಅವನಿಗೇ. ಹಗ್ಗ ಅವನೇ ತರಬೇಕು, ಡೀಸೆಲ್ಲೂ ಅವನದೇ ಸುಡಬೇಕು. ಎಳೆದು ಮೇಲೆ ಹಾಕಿದ ನಂತರ ಕಾಫಿ ಕುಡಿಯುತ್ತಾ, ‘ನಿಮ್ಮ ಗಾಡಿ ಮೈಲೇಜ್ ಎಷ್ಟು ಕೊಡ್ತದೆ?’ ಎಂಬ ಪ್ರಶ್ನೆಗೆ ಮುಖ ಸಣ್ಣದು ಮಾಡಿಕೊಂಡು ಉತ್ತರಿಸಬೇಕು. ನಾನೂ ಈ ಪದವಿಯಲ್ಲಿ ಸುಖವಾಗಿಯೇ ಇದ್ದೆ, ಟೈರು ಬೋಳಾಗುವವರೆಗೆ.

ಟೈರು ಬೋಳಾಗಿದೆಯೆಂದು ತಿಳಿಯಲು ಶಾಸ್ತ್ರೋಕ್ತ ದಾರಿಯೊಂದಿದೆ. ಹಲ್ಲುಗಳ ನಡುವಿನ ಕಾಲುವೆಯಲ್ಲಿ 1.6 ಮಿಲಿಮೀಟರ್ ಎತ್ತರದ ಪುಟ್ಟ ದಿಣ್ಣೆ ಇರುತ್ತದೆ. ಹಲ್ಲು ಸವೆದು ಅದರ ಸಮಕ್ಕೆ ಬಂದರೆ ಟೈರಿನ ಆಯುಸ್ಸು ಮುಗಿಯಿತು. ನಮ್ಮೂರಿನ ದಾರಿ ಇನ್ನೂ ಸುಲಭ. ಪಂಕ್ಚರ್ ಅಂಗಡಿಯವನು ಬಗ್ಗಿ ನೋಡಿ, ಏನೂ ಹೇಳದೆ ಲೊಚಗುಟ್ಟುತ್ತಾನೆ. ಆಮೇಲೆ, ‘ಈ ಮಳೆಗಾಲಕ್ಕೆ ಇದು ಬರೂದಿಲ್ಲ ಮಾರಾಯ್ರೆ’ ಎನ್ನುತ್ತಾನೆ.

ಟೈರು ಬದಲಿಸುವ ಸುದ್ದಿ ಹಬ್ಬಿದ್ದೇ ತಡ, ಸಲಹೆಗಳು ಹರಿದುಬಂದವು. ಫೋರ್ ವೀಲ್ ಗಾಡಿಗಳ ಲೋಕದಲ್ಲಿ ಮುಖ್ಯವಾಗಿ ಮೂರು ಪಂಗಡ. ಎಚ್‌ಟಿ ಎಂದರೆ ಟಾರು ರಸ್ತೆಯ ಟೈರು: ಸದ್ದಿಲ್ಲ, ಸೊಗಸಾಗಿ ಓಡುತ್ತದೆ, ಕೆಸರು ಕಂಡರೆ ಕೈಚೆಲ್ಲುತ್ತದೆ. ಎಂಟಿ ಕೆಸರಿಗೆಂದೇ ಹುಟ್ಟಿದ್ದು: ದಪ್ಪ ದಪ್ಪ ಹಲ್ಲು, ನಡುವೆ ಅಗಲವಾದ ಸಂದು, ಚಕ್ರ ತಿರುಗುತ್ತಿದ್ದಂತೆ ಮೆತ್ತಿದ ಮಣ್ಣನ್ನು ತಾನೇ ಎಸೆದು ಮತ್ತೆ ನೆಲ ಕಚ್ಚುತ್ತದೆ. ಎಟಿ ಇವೆರಡರ ನಡುವಿನದು. ಟಾರಿನಲ್ಲಿ ಎಚ್‌ಟಿಯಷ್ಟು ನಯವಿಲ್ಲ, ಕೆಸರಿನಲ್ಲಿ ಎಂಟಿಯಷ್ಟು ಗಟ್ಟಿಗನಲ್ಲ. ಆದರೆ ಎರಡು ಕಡೆಯೂ ಮರ್ಯಾದೆ ಕಳೆಯುವುದಿಲ್ಲ.

ಬೆಂಗಳೂರಿನ ಭಾವಮೈದ ಎಂಟಿ ಪಂಗಡದವನು. ‘ಭಾವ, ಎಟಿ ಗೀಟಿ ಎಲ್ಲಾ ಬೇಡ, ಎಂಟಿನೇ ಹಾಕ್ಸಿ. ಗಾಡಿ ನೋಡಿದ್ರೆ ಜನ ದಾರಿ ಬಿಡ್ಬೇಕು’ ಎಂದ. ಅವನ ಗಾಡಿಯೂ ಎಂಟಿ ಟೈರಿನದೇ. ಅದು ಕಂಡ ಅತಿ ದುರ್ಗಮ ಪ್ರದೇಶವೆಂದರೆ ಅವನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟು. ಹೆದ್ದಾರಿಯಲ್ಲಿ ಆ ಟೈರುಗಳು ಎಬ್ಬಿಸುವ ಗುಂಯ್‌ಗುಟ್ಟುವಿಕೆಗೆ ಒಳಗೆ ಕೂತವರು ಮಾತು ಬಿಟ್ಟು ಸನ್ನೆಗೆ ಇಳಿಯುತ್ತಾರೆ. ಅವನು ನೆಲಮಂಗಲ ದಾಟಿದಾಗಲೇ ನಮ್ಮ ನಾಯಿ ಬೊಗಳಲು ಶುರುಮಾಡುತ್ತದೆ ಎಂದು ಹೆಂಡತಿ ಹೇಳುತ್ತಾಳೆ. ತಮ್ಮನ ವಿಷಯವಾದ್ದರಿಂದ ಸ್ವಲ್ಪ ಕಡಿಮೆ ಮಾಡಿಯೇ ಹೇಳಿರಬಹುದು.

ಇನ್ನೊಂದು ಸಲಹೆ ಬಂದದ್ದು ಕೊಡಚಾದ್ರಿಗೆ ಪ್ರವಾಸಿಗರನ್ನು ಹತ್ತಿಸುವ ಜೀಪಿನ ಚಾಲಕರೊಬ್ಬರಿಂದ. 1,343 ಮೀಟರ್ ಎತ್ತರದ ಆ ಬೆಟ್ಟದ ದಾರಿಯನ್ನು ನೋಡಿದವರು ಅದನ್ನು ದಾರಿ ಎನ್ನಲು ಸ್ವಲ್ಪ ಯೋಚಿಸುತ್ತಾರೆ. ನಮ್ಮ ಅಗಲ ಟೈರುಗಳನ್ನು ನೋಡಿ ಅವರಿಗೆ ನಗು. ವಿಲ್ಲಿಸ್ ಕಾಲದ ಜೀಪಿಗೆ ಇದ್ದದ್ದು 6.00-16ರ ಸಪೂರ ಟೈರು. ಮೇಲಿನ ಕೆಸರನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಹುಡುಕುವುದು ಅದರ ರೀತಿ. ‘ಜೋರು ಮಳೆಗೆ ಚೈನು ಕಟ್ಟಿ. ಉಳಿದದ್ದು ಟೈರಿನ ಕೆಲಸ ಅಲ್ಲ, ಕಾಲಿನದ್ದು’ ಎಂದು ತಮ್ಮ ಬಲಗಾಲನ್ನು ಒಮ್ಮೆ ಹೆಮ್ಮೆಯಿಂದ ನೋಡಿಕೊಂಡರು. ಅಂಥ ಕಾಲು ಯಾವ ಅಂಗಡಿಯಲ್ಲೂ ಸಿಗುವುದಿಲ್ಲವಾದ್ದರಿಂದ ನಾನು ಟೈರಿನ ಅಂಗಡಿಗೇ ಹೋದೆ.

ಅಲ್ಲಿ ತಿಳಿದದ್ದು, ಪ್ರತಿ ಟೈರಿನ ಪಕ್ಕೆಯ ಮೇಲೂ ಅದರ ಜಾತಕ ಅಚ್ಚಾಗಿರುತ್ತದೆ ಎಂಬುದು. ಹೆಣ್ಣು-ಗಂಡಿನ ಜಾತಕವನ್ನು ಮೂರು ಜನ ಜೋಯಿಸರಿಗೆ ತೋರಿಸುವ ನಾವು ಇದನ್ನು ಮಾತ್ರ ಓದುವುದೇ ಇಲ್ಲ. ಬರೀ ಮುಖದ ಹಲ್ಲು ನೋಡಿ ಒಪ್ಪಿಬಿಡುತ್ತೇವೆ. ನನ್ನ ಗಾಡಿಯದು 255/65 ಆರ್ 18. ಅಗಲ 255 ಮಿಲಿಮೀಟರ್, ಪಕ್ಕೆಯ ಎತ್ತರ ಅದರ ಶೇಕಡಾ 65, ರೇಡಿಯಲ್ ಕಟ್ಟು, 18 ಇಂಚಿನ ರಿಮ್ಮು. ಪಕ್ಕದಲ್ಲಿ 111 ಟಿ. 111 ಎಂದರೆ ಒಂದು ಟೈರು 1,090 ಕಿಲೋ ಹೊರಬಲ್ಲದು. ಅಡಿಕೆ ಮೂಟೆಯ ಜೊತೆ ಮಾವನ ಮನೆಯವರೆಲ್ಲ ಹತ್ತಿದರೂ ಚಿಂತೆಯಿಲ್ಲ. ಟಿ ಎಂದರೆ ಗಂಟೆಗೆ 190 ಕಿಲೋಮೀಟರ್ ವೇಗ ತಾಳಬಲ್ಲದು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಎದುರು ಬಸ್ಸು ಬಂದಾಗ ಹಿಂದಕ್ಕೆ ಸರಿಯುವ ವೇಗಕ್ಕೆ ಯಾವ ಅಕ್ಷರವಿದೆ ಎಂದು ಕೇಳಿದೆ. ಅಂಗಡಿಯವನು ನಗಲಿಲ್ಲ.

ಜಾತಕದಲ್ಲಿ ಹುಟ್ಟಿದ ದಿನವೂ ಇದೆ. ಕೊನೆಯ ನಾಲ್ಕು ಅಂಕಿ 2324 ಎಂದಿದ್ದರೆ ಅದು 2024ರ 23ನೆಯ ವಾರದಲ್ಲಿ ತಯಾರಾದದ್ದು. ಓಡದೆ ಗೋಡೌನಿನಲ್ಲಿ ಕೂತರೂ ರಬ್ಬರಿಗೆ ವಯಸ್ಸಾಗುತ್ತದೆ, ಗಟ್ಟಿಯಾಗುತ್ತದೆ. ಅಂಗಡಿಯವನು ‘ನಿಮಗೆ ಅಂತ ವಿಶೇಷ ರಿಯಾಯಿತಿ’ ಎಂದ ತಕ್ಷಣ ಈ ಅಂಕಿ ನೋಡುವುದು ಒಳ್ಳೆಯದು. ಇನ್ನೊಂದು ಟೈರಿನ ಮೇಲೆ ಮೂರು ಶಿಖರಗಳ ನಡುವೆ ಹಿಮದ ಹರಳಿನ ಚಿತ್ರವಿತ್ತು. ಹಿಮದ ಪರೀಕ್ಷೆ ಪಾಸಾದ ಗುರುತಂತೆ. ಬೆಂಗಳೂರಿನ ದಾಖಲೆಯ ಚಳಿಯೇ 1884ರ ಜನವರಿಯ 7.8 ಡಿಗ್ರಿ. ಆ ಗುರುತಿಗೆ ದುಡ್ಡು ಕೊಡುವ ಮುನ್ನ ನಮ್ಮ ಕಡೆ ಹಿಮ ಬೀಳಲಿ, ಕಾಯೋಣ ಎಂದೆ.

‘ಹಾಗಾದ್ರೆ ಒಂದು ಸೈಜು ದೊಡ್ಡದು ಹಾಕಿ ಸಾರ್, ಲುಕ್ ಬರ್ತದೆ’ ಎಂದು ಅವನು 265/70 ತೋರಿಸಿದ. ಕಾಗದದ ಮೇಲೆ ಲೆಕ್ಕ ಹಾಕಿದರೆ ಚಕ್ರದ ವ್ಯಾಸ ಶೇಕಡಾ 5ರಷ್ಟು ಹೆಚ್ಚುತ್ತದೆ. ಸ್ಪೀಡೋಮೀಟರು 60 ತೋರಿಸುವಾಗ ಗಾಡಿ 63ರಲ್ಲಿ ಓಡುತ್ತಿರುತ್ತದೆ. ತೂಕ ಏರುತ್ತದೆ, ಎಳೆತ ಕುಗ್ಗುತ್ತದೆ, ಪೂರ್ತಿ ಸ್ಟಿಯರಿಂಗ್ ತಿರುಗಿಸಿದರೆ ಟೈರು ಒಳಗೆಲ್ಲೋ ಉಜ್ಜಿದರೂ ಉಜ್ಜೀತು. ಲುಕ್ಕು ನೋಡುವವರು ದಾರಿಹೋಕರು, ಡೀಸೆಲ್ ಹಾಕಿಸುವವನು ನಾನು.

ಗೊಂದಲ ಪರಿಹರಿಸಿದ್ದು ಹೆಂಡತಿ. ‘ಈ ಗಾಡಿ ದಿನಾ ಎಲ್ಲಿಗೆ ಹೋಗ್ತದೆ, ಅದನ್ನ ಹೇಳಿ’ ಎಂದಳು. ಮಕ್ಕಳ ಶಾಲೆ, ಸೊಸೈಟಿ, ಅಡಿಕೆ ಮಂಡಿ, ತಿಂಗಳಿಗೊಮ್ಮೆ ಅಮ್ಮನನ್ನು ಕರೆದುಕೊಂಡು ಶಿವಮೊಗ್ಗದ ಆಸ್ಪತ್ರೆ. ಎಲ್ಲವೂ ಟಾರು. ‘ಕೊನೆಗೆ ಮನೆಗೇ ಬರ್ಬೇಕಲ್ಲ!’ ಎಂದೆ. ಮುಖ್ಯರಸ್ತೆಯಿಂದ ನಮ್ಮ ಅಂಗಳಕ್ಕೆ ಅರ್ಧ ಮೈಲಿ ಕೆಮ್ಮಣ್ಣು. ಜೂನ್ ಬಂತೆಂದರೆ ಮಣ್ಣು ಮತ್ತು ನೀರಿನ ನಡುವೆ ಅಲ್ಲಿ ವ್ಯತ್ಯಾಸ ಉಳಿಯುವುದಿಲ್ಲ. ‘ಹಾಗಾದ್ರೆ ಟಾರಿಗೂ ಆಗ್ಬೇಕು, ನಮ್ಮ ದಿಬ್ಬಕ್ಕೂ ಆಗ್ಬೇಕು. ಅಂಥದ್ದು ತನ್ನಿ. ಹಿಮಾಲಯ ಆಮೇಲೆ ನೋಡುವ’ ಎಂದು ತೀರ್ಪಾಯಿತು. ಭಾವಮೈದ ಟೈರು ಆರಿಸುವುದು ತಾನು ಎಂದೋ ಹೋಗಲಿರುವ ಲಡಾಖಿಗೆ. ನಮ್ಮಲ್ಲಿ ಬಹಳ ಜನ ಹಾಗೆಯೇ. ಮನಸ್ಸಿನಲ್ಲಿ ಓಡುವ ಗಾಡಿಗೆ ಟೈರು ತಂದು, ಮನೆಯಲ್ಲಿ ನಿಂತ ಗಾಡಿಗೆ ತೊಡಿಸುತ್ತೇವೆ.

ಹೀಗೆ ಕಂಪನಿ ಕೊಟ್ಟ ಅಳತೆಯಲ್ಲೇ ಎಟಿ ಬಂತು. ಸ್ಟೆಪ್ನಿಗೂ ಸೇರಿ ಐದು. ಜಿಪುಣತನಕ್ಕೆ ಎರಡೇ ಹಾಕಿಸಿದರೆ ಹಳೆಯದಕ್ಕೂ ಹೊಸದಕ್ಕೂ ಸುತ್ತಳತೆ ಬೇರೆಯಾಗಿ, ಫೋರ್ ವೀಲ್ ಹಾಕಿದಾಗ ಮುಂದಿನ ಆಕ್ಸೆಲ್ಲೂ ಹಿಂದಿನದೂ ಜಗಳಕ್ಕೆ ಬೀಳುತ್ತವೆ. ಕೆಡುವುದು ಗೇರ್‌ಬಾಕ್ಸಿನ ಕಡೆಯದು. ಎಟಿಯಿಂದ ಮೈಲೇಜು ಸ್ವಲ್ಪ ಇಳಿದಿದೆ, ಸದ್ದು ಸ್ವಲ್ಪ ಏರಿದೆ. ಆದರೂ ನಾಯಿ ಇನ್ನೂ ನಿದ್ದೆಗೆಡಿಸಿಕೊಂಡಿಲ್ಲ. ಜಿಗುಟು ಕೆಮ್ಮಣ್ಣು ಹಲ್ಲಿನ ಸಂದು ತುಂಬಿದರೆ ಎಟಿಯೂ ಜಾರುತ್ತದೆ. ಆಗ ಗಾಳಿ ಸ್ವಲ್ಪ ಇಳಿಸಿದರೆ ಟೈರು ಅಗಲವಾಗಿ ನೆಲ ಹಿಡಿಯುತ್ತದೆ. ಟಾರಿಗೆ ಬರುತ್ತಲೇ ಮರೆಯದೆ ತುಂಬಿಸಬೇಕು. ಅದಕ್ಕೂ ಬಗ್ಗದಿದ್ದರೆ ಚೈನು ಇದ್ದೇ ಇದೆ.

ಫೋರ್ ವೀಲ್ ಗಾಡಿ ಕೊಳ್ಳುವವರಿಗೆ ನನ್ನದೊಂದೇ ಮಾತು. ಆ ಲಿವರು ಗಾಡಿಯನ್ನು ಹೊರಡಿಸಲು, ಹತ್ತಿಸಲು ಮಾತ್ರ. ನಿಲ್ಲಿಸಲು ಅದರಿಂದ ಏನೂ ಪ್ರಯೋಜನವಿಲ್ಲ. ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಇಳಿಜಾರಿನಲ್ಲಿ, ಬೋಳು ಟೈರಿನ ಫೋರ್ ವೀಲಿಗಿಂತ ಒಳ್ಳೆಯ ಟೈರಿನ ಹಳೆಯ ಮಾರುತಿಯೇ ಮೊದಲು ನಿಲ್ಲುತ್ತದೆ.