ಕ್ಲಾಸ್ 4.2 ಕೊಬ್ಬರಿ

ಬೆಂಗಳೂರಿನಲ್ಲಿ ನಡೆದ ಅಂತಾರಾಷ್ಟ್ರೀಯ ಸಮ್ಮೇಳನವೊಂದಕ್ಕೆ ನಾನು ಊಟ-ವಸತಿ ಸಮಿತಿಯ ಕಾರ್ಯದರ್ಶಿಯಾಗಿದ್ದೆ. ವಿಷಯ ದಹನ ಮತ್ತು ಸ್ಫೋಟ. ಬೆಂಕಿಯ ಬಗ್ಗೆ ನನಗಿದ್ದ ಅರ್ಹತೆಯೆಂದರೆ, ತುರುವೇಕೆರೆ ತಾಲ್ಲೂಕಿನ ನಮ್ಮ ಮನೆಯ ಬಚ್ಚಲೊಲೆಗೆ ಹತ್ತು ವರ್ಷ ತೆಂಗಿನ ಮಟ್ಟೆ ತುರುಕಿದ್ದು. ಅಷ್ಟು ಸಾಕೆನಿಸಿತೋ, ಬೇರೆ ಯಾರೂ ಒಪ್ಪಲಿಲ್ಲವೋ, ನಾನು ಕೇಳಲು ಹೋಗಲಿಲ್ಲ.

ಮೊದಲ ತೊಡಕು ಹೆಸರಿನಲ್ಲೇ ಇತ್ತು. ಬ್ಯಾನರ್ ಕನ್ನಡದಲ್ಲೂ ಇರಲಿ ಎಂದು ಹಟ ಹಿಡಿದವನು ನಾನೇ. ಫ್ಲೆಕ್ಸ್ ಅಂಗಡಿಯ ಹುಡುಗ 'ದಹನ' ಎಂದು ಓದಿದವನೇ ದನಿ ತಗ್ಗಿಸಿ, "ಫೋಟೋ ತಂದಿದೀರಾ ಸಾರ್? ವಯಸ್ಸೆಷ್ಟಾಗಿತ್ತು?" ಎಂದ. ಅವನದೇನೂ ತಪ್ಪಿಲ್ಲ. ಶವದಹನ, ಕಾಮದಹನ ಬಿಟ್ಟರೆ ಆ ಪದಕ್ಕೆ ನಮ್ಮ ಬೀದಿಗಳಲ್ಲಿ ಬೇರೆ ಉದ್ಯೋಗವಿಲ್ಲ. 'ಸ್ಫೋಟ' ಇನ್ನೂ ಕಷ್ಟ. ವಸತಿಗೃಹಕ್ಕೆ ಫೋನ್ ಮಾಡಿ "ಸ್ಫೋಟದವರಿಗೆ ನಲವತ್ತು ರೂಮು ಬೇಕು" ಎಂದೆ. ಆ ಕಡೆ ಉಸಿರೇ ಇಲ್ಲ. ಗಾಬರಿಯಾಗಿ "ಬೆಂಕಿ ವಿಚಾರ ನೋಡೋರು ಸ್ವಾಮಿ" ಎಂದು ತಿದ್ದಿದೆ. "ಫೈರ್ ಇನ್‌ಸ್ಪೆಕ್ಷನ್ನಾ ಸಾರ್? ನಮ್ದೆಲ್ಲ ಸರಿಯಾಗಿದೆ, ಬನ್ನಿ" ಎಂದರು. ರೂಮು ಸಿಕ್ಕಿತು, ರಿಯಾಯಿತಿ ಸಮೇತ.

ಸ್ಮರಣ ಸಂಚಿಕೆಯ ಪ್ರೂಫ್ ತಿದ್ದುವಾಗ ಇವರ ವಂಶಾವಳಿ ತಿಳಿಯಿತು. ದಹನದವರ ಮೊದಲ ಗೋಷ್ಠಿ ಸೇರಿದ್ದು 1928ರಲ್ಲಿ, ಅಮೆರಿಕದಲ್ಲಿ. ಕಂಬಶ್ಚನ್ ಇನ್‌ಸ್ಟಿಟ್ಯೂಟ್ ಎಂಬ ಅವರ ಸಂಸ್ಥೆ ಹುಟ್ಟಿದ್ದು 1954ರಲ್ಲಿ. ಸ್ಫೋಟದವರು 1967ರಲ್ಲಿ ಬ್ರಸೆಲ್ಸ್‌ನಲ್ಲಿ ಬೇರೆ ಒಲೆ ಹೂಡಿದರು. ಅಣ್ಣತಮ್ಮಂದಿರಂತೆ ಈಗಲೂ ಹೋಗಿಬಂದು ಮಾಡುತ್ತಾರೆ.

ಉದ್ಘಾಟನೆಯ ದೀಪಕ್ಕೆ ನಮ್ಮೂರ ಗಾಣದ ಕೊಬ್ಬರಿ ಎಣ್ಣೆಯೇ ಆಗಬೇಕು ಎಂದದ್ದೂ ನಾನೇ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಸಭಾಂಗಣದ ಏಸಿ ರಾತ್ರಿಯಿಂದ 18ರಲ್ಲಿತ್ತು. ಐದು ಬತ್ತಿಗಳೂ ಬಿಳಿ ಬೆಣ್ಣೆಯಲ್ಲಿ ಹೂತುಹೋಗಿದ್ದವು. ರಾಕೆಟ್ ಎಂಜಿನ್ನಿನವರು ಒಂದು ಕಡ್ಡಿ ಗೀರಿದರು, ಗಣಿಸ್ಫೋಟದವರು ಎರಡು. ಜ್ವಾಲೆಯ ಮೇಲೆಯೇ ಬದುಕು ಸವೆಸಿದ ಹಿರಿಯರೊಬ್ಬರು ಕನ್ನಡಕ ತೆಗೆದು ಬತ್ತಿಯನ್ನು ದಿಟ್ಟಿಸಿದರು. ಕೊನೆಗೆ ಅಡುಗೆ ಭಟ್ಟರು ಕೈ ಒರೆಸಿಕೊಳ್ಳುತ್ತಾ ಬಂದು ಬತ್ತಿಯ ತುದಿಗೆ ಒಂದೊಂದು ಚೂರು ಕರ್ಪೂರ ಇಟ್ಟರು. ಅಂದಿನ ಚಪ್ಪಾಳೆಯಲ್ಲಿ ದೊಡ್ಡದು ಅವರಿಗೆ ಬಿದ್ದದ್ದು.

ಮೂರನೆಯ ದಿನ ಪ್ರವಾಸ. ಎಲ್ಲರೂ ಮೈಸೂರು ಎಂದರೆ ನಾನು ತಿಪಟೂರು ಸೀಮೆ ಎಂದೆ. ವಾದಕ್ಕೆ ಸರಕಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ'ದವರು ಹಳ್ಳಿಯನ್ನು ಅರಿಯಲು ಬಂದು ಕೂತದ್ದು ನಮ್ಮದೇ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಮೂರು ಪಾತ್ರೆ ಕೂರುವ, ಹೊಗೆಗೆ ಕೊಳವೆಯಿರುವ ಅಸ್ತ್ರ ಒಲೆ ಅವರದೇ. ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲಿ ಕಟ್ಟಿಗೆಯಿಂದ ಕರೆಂಟು ತೆಗೆದು ಮನೆಗಳಿಗೆ ದೀಪ ಕೊಟ್ಟರು. ಸೌದೆಗೆ ಬೇಕಾದಷ್ಟು ಗಾಳಿ ಕೊಡದೆ ಸತಾಯಿಸಿದರೆ ಅದು ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡು, ಹೈಡ್ರೋಜನ್ನು ಬಿಡುತ್ತದೆ; ಅದನ್ನು ಸೋಸಿ ಡೀಸೆಲ್ ಜೊತೆ ಎಂಜಿನ್ನಿಗೆ ಕುಡಿಸುವುದು. ನಮ್ಮ ಬಚ್ಚಲೊಲೆಯೂ ಮಟ್ಟೆಯನ್ನು ಹೀಗೇ ಸತಾಯಿಸುತ್ತಿತ್ತು. ಬಂದದ್ದೆಲ್ಲ ಅಮ್ಮನ ಕಣ್ಣಿಗೆ ಹೋಗುತ್ತಿತ್ತು, ಅಷ್ಟೇ ವ್ಯತ್ಯಾಸ.

ಬಸ್ಸು ಕುಣಿಗಲ್, ಮಾಯಸಂದ್ರ ದಾಟಿ ನಮ್ಮ ಮನೆ ಮುಂದೆ ನಿಂತಿತು. ಎಳನೀರಾಯಿತು. ಆಮೇಲೆ ಜರ್ಮನಿಯ ಪ್ರೊಫೆಸರೊಬ್ಬರು ಹಿತ್ತಿಲ ಕೊಬ್ಬರಿ ಮನೆಗೆ ಹೊಕ್ಕು ತಲೆಯೆತ್ತಿದವರು ಹಾಗೇ ನಿಂತುಬಿಟ್ಟರು. ಮೇಲೆ ದಬ್ಬೆಯ ಅಟ್ಟದ ತುಂಬ ಕಾಯಿ. ಕೆಳಗೆ ಮೂಲೆಯಲ್ಲಿ ಅಮ್ಮ ಹಾಕಿದ್ದ ಹೊಗೆ.

"ಎಷ್ಟು ದಿನದಿಂದ?"

"ಹತ್ತು ಹನ್ನೊಂದು ತಿಂಗಳು."

ಅವರ ಮುಖ ಬಿಳುಪೇರಿತು. ಅಪಾಯಕಾರಿ ಸರಕುಗಳ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಕೊಬ್ಬರಿಗೂ ಒಂದು ನಂಬರಿದೆಯಂತೆ, 1363. ಕ್ಲಾಸ್ 4.2: ತಾನೇ ತಾನಾಗಿ ಹೊತ್ತಿಕೊಳ್ಳುವ ವಸ್ತು. ಅದನ್ನು ತಲೆಯ ಮೇಲಿಟ್ಟು ಕೆಳಗೆ ಬೆಂಕಿ ಹಾಕಿದ್ದೀರಲ್ಲ ಎಂದರು. ನಾನು ಅಮ್ಮನಿಗೆ ಕನ್ನಡ ಮಾಡಿ ಹೇಳಿದೆ.

"ತಾನೇ ಹೊತ್ಕಳಂಗಿದ್ರೆ ನಾನ್ಯಾಕಪ್ಪ ಬೆಳಗಾನ ಎದ್ದು ಒಲೆ ಊದಬೇಕಿತ್ತು? ಅವರಿಗೊಂದು ಲೋಟ ಮಜ್ಜಿಗೆ ಕೊಡು, ಬಿಸ್ಲು ಹತ್ತೈತೆ."

ಮಜ್ಜಿಗೆ ಕುಡಿದು ಅವರು ಒಂದು ಕಾಯಿ ಇಳಿಸಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಗಡಗಡ ಎಂದಿತು. ಒಳಗಿನ ನೀರು ಇಂಗಿ, ಉಂಡೆ ಚಿಪ್ಪು ಬಿಟ್ಟಿತ್ತು. ಅದನ್ನು ಕೇಳಿ ಸಮಾಧಾನವಾದಂತೆ ತೋರಿತು. ಬಿಸಿಯೇರುವುದು ಸರಿಯಾಗಿ ಒಣಗದ ಹಸಿ ಗಿಟುಕನ್ನು ರಾಶಿ ಹಾಕಿದಾಗ. ತೇವಕ್ಕೆ ಸೂಕ್ಷ್ಮಜೀವಿಗಳು ಸೇರಿ ಕಾವು ಹಚ್ಚುತ್ತವೆ, ಆಮೇಲೆ ಎಣ್ಣೆಯೂ ಗಾಳಿಯೂ ಮುಂದುವರಿಸುತ್ತವೆ. ಇಲ್ಲಿ ಮಟ್ಟೆ, ಚಿಪ್ಪು ಎರಡು ಅಂಗಿ ತೊಟ್ಟು ಒಂದೊಂದೇ ಕಾಯಿ ನಿಧಾನವಾಗಿ ಒಣಗುತ್ತದೆ. ಇಷ್ಟನ್ನು ಅವರು ಅರ್ಧ ಗಂಟೆ ವಿವರಿಸಿದರು. ಅಮ್ಮ ತಲೆಯಾಡಿಸಿ, ಹೊರಡುವಾಗ ಎಲ್ಲರಿಗೂ ಎರಡೆರಡು ಉಂಡೆ ಕೊಬ್ಬರಿ, ಅಚ್ಚು ಬೆಲ್ಲ ಕಟ್ಟಿಕೊಟ್ಟಳು. ಅಮ್ಮ ಕೊಟ್ಟದ್ದನ್ನು ಬೇಡವೆನ್ನುವ ವಿಜ್ಞಾನ ಇನ್ನೂ ಹುಟ್ಟಿಲ್ಲ.

ಕೊಬ್ಬರಿಯನ್ನು ವಿಮಾನಕ್ಕೆ ಬಿಡುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಪ್ರೊಫೆಸರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಸಾಕ್ಸಿನಲ್ಲಿ ಸುತ್ತಿ ಒಯ್ದಿದ್ದರು. ನಡುರಾತ್ರಿ ನನ್ನ ಫೋನು ಬಡಿದುಕೊಂಡಿತು. ತಪಾಸಣೆಯ ಹೆಣ್ಣುಮಗಳು ಚೀಲ ಬಿಚ್ಚಿ, ಕೊಬ್ಬರಿ ಹೊರಗೆ ತೆಗೆದು, ತಾವು ಏನು ಕೆಲಸ ಮಾಡುತ್ತೀರಿ ಎಂದು ಮರ್ಯಾದೆಯಿಂದಲೇ ಕೇಳಿದ್ದಾರೆ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ, "ಸ್ಫೋಟ" ಎಂದಿದ್ದಾರೆ.

ಸಮ್ಮೇಳನದ ಆಮಂತ್ರಣ, ಕಾರ್ಯಕ್ರಮ ಪಟ್ಟಿ, ಕೊನೆಗೆ ನಮ್ಮ ಅಟ್ಟದ ಕೆಳಗೆ ಅಮ್ಮನ ಜೊತೆ ತೆಗೆಸಿಕೊಂಡ ಫೋಟೋ, ಎಲ್ಲ ತೋರಿಸಿದ ಮೇಲೆ ಅವರನ್ನು ಬಿಟ್ಟರು. ಕೊಬ್ಬರಿಯನ್ನು ಬಿಡಲಿಲ್ಲ.

ವಿಷಯ ತಿಳಿದು ಅಮ್ಮ ಬಹಳ ನೊಂದುಕೊಂಡಳು. ಮುಂದಿನ ವಾರ ಊರಿನಿಂದ ಬಂದ ಬಸ್ಸಿನ ಕಂಡಕ್ಟರ್ ಒಂದು ಮೂಟೆ ಇಳಿಸಿಹೋದ. "ಪಾಪ, ಅಷ್ಟು ದೂರದಿಂದ ಬಂದೋರು ಬರಿಗೈಲಿ ಹೋದ್ರಲ್ಲ, ಪೋಸ್ಟಲ್ಲಾದ್ರೂ ಹಾಕು" ಎಂದು ಫೋನು. ಮೂಟೆ ಈಗ ಆಫೀಸಿನಲ್ಲಿ ನನ್ನ ಮೇಜಿನ ಕೆಳಗಿದೆ. ಮೊನ್ನೆ ಯಾರೋ ಅದರ ಪಕ್ಕಕ್ಕೆ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ತಂದು ನಿಲ್ಲಿಸಿದ್ದಾರೆ.