ಬಾನೆಟ್ ಪಂಡಿತರು

ಹಳೆಯ ಪಿಕಪ್ ಗಾಡಿಯೊಂದರ ಬಾನೆಟ್ ರಸ್ತೆಬದಿಯಲ್ಲಿ ಮೇಲೆದ್ದರೆ ಸಾಕು, ಪಂಡಿತರು ಹಾಜರ್. ಯಾರೂ ಕರೆದಿರುವುದಿಲ್ಲ. ತಿಪಟೂರು–ಅರಸೀಕೆರೆ ರಸ್ತೆಯಲ್ಲಿ ಕೊಬ್ಬರಿ ಮೂಟೆ ಹೇರಿಕೊಂಡ ಟಾಟಾ 207 ಕೆಟ್ಟು ನಿಂತಿದೆ ಎಂದಿಟ್ಟುಕೊಳ್ಳಿ. ಸುತ್ತ ನರಪಿಳ್ಳೆ ಇಲ್ಲ. ಆದರೂ ತೆಂಗಿನ ತೋಟದ ಬೇಲಿ ಸಂದಿಯಿಂದ ಒಬ್ಬರು ಬಂದೇ ಬರುತ್ತಾರೆ. ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿದ ಪಂಚೆ, ಕಿವಿಯ ಮೇಲೊಂದು ಬೀಡಿ, ಮುಖದಲ್ಲಿ ಹೆರಿಗೆ ಕೋಣೆಗೆ ಕಾಲಿಟ್ಟ ಸೂಲಗಿತ್ತಿಯ ಗಾಂಭೀರ್ಯ. “ಮಲಗ್ಬಿಟ್ಯಾ?” ಎಂದು ಕೇಳುವುದು ಡ್ರೈವರನ್ನಲ್ಲ, ಗಾಡಿಯನ್ನು.

ಡ್ರೈವರ್ ಬಾಯಿ ತೆರೆಯುವ ಮೊದಲೇ ತೀರ್ಪು ಬಂದಿರುತ್ತದೆ. “ಪಂಪ್ ಹೋಗಿದೆ.” ಪಂಡಿತರ ಬಳಿ ಸಣ್ಣ ಕಾಯಿಲೆಗಳಿಲ್ಲ. ಒಂದೋ ಡೀಸೆಲ್ ಪಂಪ್ ಹೋಗಿರಬೇಕು, ಇಲ್ಲವೇ ಎಂಜಿನ್ ಬೋರಿಗೆ ಬಂದಿರಬೇಕು. ಫಿಲ್ಟರ್ ಕಟ್ಟಿಕೊಂಡಿದೆ, ಡೀಸೆಲ್ ಪೈಪಿನ ನಟ್ಟು ಸಡಿಲವಾಗಿ ಗಾಳಿ ಎಳೆದಿದೆ, ಫಿಲ್ಟರ್ ಮೇಲಿನ ಕೈಪಂಪ್ ನಾಲ್ಕು ಸಲ ಒತ್ತಿ ಗಾಳಿ ಬಿಟ್ಟರೆ ಗಾಡಿ ಹೊರಟೀತು ಎಂಬಂಥ ಮಾತು ಅವರ ಘನತೆಗೆ ಕಡಿಮೆ. ಅಷ್ಟಕ್ಕೆಲ್ಲ ತೋಟದಿಂದ ನಡೆದು ಬರಬೇಕಿತ್ತೇ?

ಹಾಗಂತ ಅವರನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಎಂಜಿನ್ ಒಮ್ಮೆ ಹೇಗೋ ಶುರುವಾಗಲಿ, ಆಗ ನೋಡಬೇಕು ಅವರ ಕಿವಿಯನ್ನು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚುತ್ತಾರೆ. ಎಂಜಿನ್ ಕುಂಟುತ್ತಿದ್ದರೆ ಸ್ಪ್ಯಾನರ್ ತಗೊಂಡು ಒಂದೊಂದೇ ನಾಜಲ್ ಪೈಪಿನ ನಟ್ಟು ಸಡಿಲಿಸುತ್ತಾ ಹೋಗುತ್ತಾರೆ. ಮೊದಲನೆಯದನ್ನು ಬಿಚ್ಚಿದರೆ ಎಂಜಿನ್ ಇನ್ನಷ್ಟು ಕುಂಟುತ್ತದೆ, ಎರಡನೆಯದಕ್ಕೂ ಹಾಗೇ. ಮೂರನೆಯದನ್ನು ಬಿಚ್ಚಿದಾಗ ಸದ್ದಿನಲ್ಲಿ ಏನೂ ವ್ಯತ್ಯಾಸವಿಲ್ಲ. “ಇದೇ ನೋಡಿ, ಕೂಲಿ ತಗೊಂಡು ಕೆಲಸ ಮಾಡ್ದೆ ಕೂತಿರೋನು!” ಲೆಕ್ಕ ಕರಾರುವಾಕ್ಕು. ಸತ್ತ ಸಿಲಿಂಡರ್ ಹಿಡಿಯಲು ಇದಕ್ಕಿಂತ ಅಗ್ಗದ ವಿದ್ಯೆ ಇನ್ನೊಂದಿಲ್ಲ.

ನ್ಯೂಟ್ರಲ್‌ನಿಂದ ಫಸ್ಟ್ ಗೇರಿಗೆ ಹಾಕಿ ಕ್ಲಚ್ ಬಿಡುವಾಗ ಗಾಡಿಯ ಹೊಟ್ಟೆಯಿಂದ ‘ಟಣ್’ ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಸವೆದಿದೆ ಎನ್ನುತ್ತಾರೆ, ಸವೆದಿರುತ್ತದೆ. ಚಕ್ರದ ಗುಂಯ್‌ಗುಡುವಿಕೆ ಬಲಕ್ಕೆ ತಿರುಗಿಸಿದಾಗ ಜಾಸ್ತಿಯಾದರೆ ಎಡಗಡೆ ಬೇರಿಂಗ್ ಅನ್ನುತ್ತಾರೆ, ಭಾರ ಆ ಕಡೆಗೆ ವಾಲುತ್ತದಲ್ಲ. ಹೊಗೆಯ ಬಣ್ಣ ಕಂಡರಂತೂ ಜಾತಕವೇ ಸಿಕ್ಕಿದಂತೆ. ಕಪ್ಪಾದರೆ ಗಾಳಿ ಸಾಲದು ಅಥವಾ ಡೀಸೆಲ್ ಜಾಸ್ತಿ, ನೀಲಿಯಾದರೆ ಆಯಿಲ್ ಸುಡುತ್ತಿದೆ, ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್. ಈ ಭಾಗದಲ್ಲಿ ಅವರಿಗೆ ಕೈ ಮುಗಿಯಬಹುದು. ಕಬ್ಬಿಣ ತನ್ನ ನೋವನ್ನು ಗದ್ದಲ ಮಾಡಿ ಹೇಳುತ್ತದೆ, ಪಂಡಿತರಿಗೆ ಕಿವಿಯಿದೆ.

ತೊಂದರೆ ಶುರುವಾಗುವುದು ಕರೆಂಟ್ ವಿಷಯಕ್ಕೆ ಬಂದಾಗ. ಕರೆಂಟಿಗೆ ಬಾಯಿಲ್ಲ.

ಕೀ ತಿರುಗಿಸಿದರೆ ‘ಟಿಕ್’ ಅನ್ನುತ್ತದೆ, ಸೆಲ್ಫ್ ತಗೊಳ್ಳುತ್ತಿಲ್ಲ. ಪಂಡಿತರು ಬ್ಯಾಟರಿ ಬದಲಿಸಿ ಎನ್ನುತ್ತಾರೆ. ಹೊಸ ಬ್ಯಾಟರಿ ಬಂದರೂ ‘ಟಿಕ್’. ಹಾಗಾದರೆ ಸೆಲ್ಫ್ ಮೋಟಾರ್ ಬಿಚ್ಚಿ, ಎಂದು ಎರಡನೆಯ ಆಜ್ಞೆ. ಅಸಲು ಸಂಗತಿ ಎಂದರೆ ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಚಾಸಿಗೂ ಬ್ಯಾಟರಿಗೂ ಅದರ ವಿದ್ಯುತ್ ನಂಟು ಉಳಿದಿರುವುದು ಒಂದು ಹೆಣೆದ ತಾಮ್ರದ ಪಟ್ಟಿಯಿಂದ ಮಾತ್ರ. ಕ್ಲಚ್ ಪ್ಲೇಟ್ ಬದಲಿಸಲು ಗೇರ್‌ಬಾಕ್ಸ್ ಇಳಿಸಿದ ಮಹಾನುಭಾವ ಆ ಪಟ್ಟಿಯನ್ನು ವಾಪಸ್ ಬಿಗಿದಿಲ್ಲ, ಅಥವಾ ಬಿಗಿದ ಜಾಗದಲ್ಲಿ ತುಕ್ಕು ಹಿಡಿದಿದೆ. ಡೀಸೆಲ್ ಎಂಜಿನ್ ತಿರುಗಿಸಲು ನೂರಾರು ಆಂಪಿಯರ್ ಕರೆಂಟ್ ಬೇಕು. ಬಂದ ಕರೆಂಟಿಗೆ ವಾಪಸ್ ಹೋಗುವ ದಾರಿಯೂ ಬೇಕು. ಹೆದ್ದಾರಿ ಮುಚ್ಚಿದ್ದರೆ ಅದು ಕಾಲುದಾರಿ ಹುಡುಕುತ್ತದೆ. ಒಮ್ಮೊಮ್ಮೆ ಆಕ್ಸಿಲರೇಟರ್ ಕೇಬಲ್ ಮೂಲಕವೇ ಹರಿದು, ಪಾಪದ ಕೇಬಲ್ ಕಾದು ಹೊಗೆಯಾಡುವುದೂ ಉಂಟು. ಅದನ್ನು ಕಂಡ ದಿನ ಪಂಡಿತರು ನಿಂಬೆಹಣ್ಣು ತರಿಸಿದರು. “ಅಮಾವಾಸ್ಯೆ ದಿನ ಹುಣಸೇಮರದ ಕೆಳಗೆ ನಿಲ್ಸಿದ್ರಾ?” ಎಂದು ಡ್ರೈವರನ್ನು ವಿಚಾರಿಸಿಕೊಂಡರು.

ಜಂಪ್ ಮಾಡುವ ಕೇಬಲ್ ಒಂದನ್ನು ಬ್ಯಾಟರಿಯ ಮೈನಸ್‌ನಿಂದ ನೇರ ಎಂಜಿನ್ ಮೈಗೆ ಹಿಡಿದು ಸೆಲ್ಫ್ ಹೊಡೆದರೆ ರೋಗ ಅಲ್ಲೇ ಗೊತ್ತಾಗುತ್ತದೆ. ಮಲ್ಟಿಮೀಟರ್ ಇದ್ದರಂತೂ ಇನ್ನೂ ಸುಲಭ. ರಾತ್ರಿಯೆಲ್ಲ ವಿಶ್ರಾಂತಿ ಪಡೆದ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು, ಎಂಜಿನ್ ಓಡುವಾಗ 14ರ ಹತ್ತಿರ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಮೈನಸ್‌ಗೂ ಎಂಜಿನ್ ಮೈಗೂ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ತಿಂಗ್ ಕೆಟ್ಟಿದೆ. ಆದರೆ ಪಂಡಿತರ ಮುಂದೆ ಮೀಟರ್ ತೆಗೆಯುವುದೆಂದರೆ ಮದುವೆ ಮನೆಯಲ್ಲಿ ಅಡಿಗೆಯವನ ಎದುರೇ ಉಪ್ಪು ಕೇಳಿದಂತೆ, ಮುಖ ಒಂದು ವಾರ ಸರಿಹೋಗುವುದಿಲ್ಲ.

ಅವರದೇ ಪರೀಕ್ಷೆ ಇದೆ. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಕಿತ್ತು ಎತ್ತಿ ಹಿಡಿಯುತ್ತಾರೆ. “ಆಫ್ ಆಯ್ತಾ? ಆಗ್ಲಿಲ್ಲ. ಡೈನಮೊ ಗಟ್ಟಿಯಾಗಿದೆ, ಹೋಗಿ.” ಸುತ್ತ ನಿಂತವರು ಹೌದೆನ್ನುತ್ತಾರೆ. ಕೇಬಲ್ ಎಳೆದು ನಿಲ್ಲಿಸುವ ಹಳೆಯ ಡೀಸೆಲ್ ಎಂಜಿನ್‌ಗೆ ಒಮ್ಮೆ ಶುರುವಾದ ಮೇಲೆ ಕರೆಂಟಿನ ಹಂಗೇ ಇಲ್ಲ, ಡೈನಮೊ ಬಿಚ್ಚಿ ಗುಜರಿಗೆ ಹಾಕಿದ್ದರೂ ಅದು ಓಡುತ್ತಲೇ ಇರುತ್ತಿತ್ತು. ಈಗ ಅಲ್ಲಿರುವುದು ಆಲ್ಟರ್ನೇಟರ್. ಓಡುವಾಗ ಬ್ಯಾಟರಿ ತಪ್ಪಿಸಿದರೆ ವೋಲ್ಟೇಜ್ ಒಮ್ಮೆಲೆ ಜಿಗಿದು ಒಳಗಿನ ಡಯೋಡ್ ಸುಡಬಹುದು. ಅಂದರೆ ಪರೀಕ್ಷೆಗೆ ಮೊದಲು ಅದು ನಿಜಕ್ಕೂ ಗಟ್ಟಿಯಾಗಿತ್ತು. ಮುಂದಿನ ವಾರ ಬ್ಯಾಟರಿ ಚಾರ್ಜ್ ಆಗದೆ ಗಾಡಿ ಮತ್ತೆ ಮಲಗಿದಾಗ ಬೇಲಿ ಸಂದಿಯಿಂದ ಬರುವವರೂ ಅವರೇ.

ಪಂಡಿತರ ಜೀವನದಲ್ಲಿ ಒಂದೇ ಒಂದು ಅವಮಾನದ ಕಾಲ ಬಂದಿತ್ತು. 2005ರಲ್ಲಿ ಟಾಟಾ ಏಸ್ ಬಂತು. ಎರಡೇ ಸಿಲಿಂಡರ್, 702 ಸಿಸಿ. “ಇದು ಗಾಡಿನಾ, ಬೋರ್‌ವೆಲ್ ಮೋಟ್ರಾ?” ಎಂದು ನಕ್ಕವರು, ಅದೊಂದು ದಿನ ರಸ್ತೆಯಲ್ಲಿ ನಿಂತಾಗ ಎಂದಿನಂತೆ ಮುಂದೆ ಹೋಗಿ ಬಾನೆಟ್ ಹುಡುಕಿದರು. ಬಾನೆಟ್ಟೇ ಇಲ್ಲ. ಎಂಜಿನ್ ಇರುವುದು ಸೀಟಿನ ಕೆಳಗೆ. ರೋಗಿಯನ್ನು ನೋಡಲು ಡ್ರೈವರನ್ನೇ ಎಬ್ಬಿಸಬೇಕು, ಅವನೋ ಊಟದ ಡಬ್ಬಿ ಬಿಚ್ಚಿ ಕೂತಿದ್ದ. ಅಂದಿನಿಂದ ಏಸ್ ಕಂಡರೆ ಅವರು ತೋಟದಿಂದ ಹೊರಬರುವುದಿಲ್ಲ.

ಫ್ಯೂಸ್ ವಿಷಯದಲ್ಲಿ ಅವರದು ಉದಾರ ನೀತಿ. ಸುಟ್ಟ ಫ್ಯೂಸಿನ ಜಾಗಕ್ಕೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ. ಫ್ಯೂಸ್ ಇರುವುದೇ ಸುಡುವುದಕ್ಕೆ, ಅದು ಸುಡದಿದ್ದರೆ ವೈರಿಂಗ್ ಸುಡುತ್ತದೆ ಎಂದು ಯಾರಾದರೂ ಅಂದರೆ, ವೈರಿಂಗ್ ಸುಟ್ಟಾಗ ನೋಡ್ಕೊಳ್ಳೋಣ ಎನ್ನುತ್ತಾರೆ. ದೇವರ ಫೋಟೋಕ್ಕೆ ಸುತ್ತಿದ ಬಣ್ಣದ ಬಲ್ಬ್ ಸಾಲು, ಎರಡು ಏರ್ ಹಾರ್ನ್, ಸ್ಪೀಕರ್, ಎಲ್ಲವೂ ಅವರ ಸಲಹೆಯಂತೆ ಬ್ಯಾಟರಿಗೆ ಡೈರೆಕ್ಟು.

ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷಕ್ಕೊಮ್ಮೆ ಎಫ್‌ಸಿ, ಅಂದರೆ ಫಿಟ್‌ನೆಸ್ ಪರೀಕ್ಷೆ. ಆ ದಿನ ಪಂಡಿತರು ಮಾಲೀಕನ ಪಕ್ಕ ಕೂತು ತಾವೇ ಹೊರಡುತ್ತಾರೆ. ಕಳೆದ ಬಾರಿ ಇನ್‌ಸ್ಪೆಕ್ಟರ್ ಹಿಂದೆ ನಿಂತು ಎಡಗಡೆ ಇಂಡಿಕೇಟರ್ ಹಾಕಲು ಹೇಳಿದರು. ಇಂಡಿಕೇಟರ್ ಮಂಕಾಗಿ ಮಿಣುಕಿತು, ಅದರ ಜೊತೆ ಟೈಲ್ ಲ್ಯಾಂಪ್ ಮಿಣುಕಿತು, ಬ್ರೇಕ್ ಲೈಟೂ ಕಣ್ಣು ಹೊಡೆಯಿತು. ಮೂರಕ್ಕೂ ಸೇರಿ ಇರುವ ಒಂದೇ ಅರ್ತ್ ಸ್ಕ್ರೂ ಚಾಸಿಯಲ್ಲಿ ತುಕ್ಕು ಹಿಡಿದಿತ್ತು. ದಾರಿ ಸಿಗದ ಕರೆಂಟ್ ಪಕ್ಕದ ಬಲ್ಬುಗಳ ಮನೆಗೆ ನುಗ್ಗಿ ಹೊರಬೀಳುತ್ತಿತ್ತು.

“ಏನ್ರೀ ಇದು?” ಎಂದರು ಇನ್‌ಸ್ಪೆಕ್ಟರ್.

“ಹಿಂದೆ ಬರೋರಿಗೆ ಚೆನ್ನಾಗಿ ಕಾಣ್ಲಿ ಅಂತ ಸಾರ್, ಒಂದು ಹಾಕಿದ್ರೆ ಮೂರು ಹತ್ತೋ ಹಂಗೆ ಮಾಡ್ಸಿದೀವಿ.”

ಇನ್‌ಸ್ಪೆಕ್ಟರ್ ಕಾಗದದ ಮೇಲೆ ಏನೋ ಬರೆದು, ಸರಿಮಾಡಿಸಿಕೊಂಡು ಬನ್ನಿ ಎಂದು ವಾಪಸ್ ಕಳಿಸಿದರು. ಗೇಟು ದಾಟಿದ ಮೇಲೆ ಪಂಡಿತರು ಬೀಡಿ ಹಚ್ಚಿ, ಮಾಲೀಕನ ತೊಡೆ ತಟ್ಟಿದರು. “ಹೆಂಗೆ? ಪಂಪ್ ಹೋಗಿರೋದು ಅವ್ರಿಗೆ ಗೊತ್ತೇ ಆಗ್ಲಿಲ್ಲ.”